ಕಲ್ಲೆತ್ತದ ಮನೆ

"ನಿಮ್ಮ ಕಲ್ಲಂಗಡಿ ತಿನ್ನೋಕೆ ನಾವು ಬೇಕು, ಅಂಗಳದಲ್ಲಿ ಹಾಡೋಕೆ ಮಾತ್ರ ಬೇಡ. ಅಲ್ವಾ ಭಾವ?"

ಎರಡು ಹಣ್ಣುಗಳನ್ನು ಎರಡು ಕಂಕುಳಲ್ಲಿ ಅವುಚಿಕೊಂಡು ಮಾಕೆರೇತಾ ಜಗುಲಿಯ ಮೆಟ್ಟಿಲ ಬಳಿ ನಿಂತಿದ್ದಳು. ಮಾಫೋವಾನ ತೀರಿಹೋದ ಹೆಂಡತಿ ಆಕಾತಾಳ ಒಡಹುಟ್ಟಿದ ತಂಗಿ ಆಕೆ; ಊರಿನ ಫಾರಾ ಮೇಳದ ಮುಂದಾಳೂ ಹೌದು. ರೊಟುಮಾ ದ್ವೀಪದ ಆಟದ ಕಾಲ ಅಂದಿಗೆ ಮುಗಿಯುವುದಿತ್ತು. ಗುದ್ದಲಿಗಳು ಮೂಲೆ ಸೇರಿ ಐದು ವಾರವಾಗಿತ್ತು. ಊರಿಗೆ ಊರೇ ಹಗಲೆಲ್ಲ ಮರಳಿನ ಮೇಲೆ ಬಿದ್ದುಕೊಂಡು, ಈಜಿ, ಕ್ರಿಕೆಟ್ ಆಡಿ, ಬಿಸಿಲು ಇಳಿಯುತ್ತಲೂ ಮನೆಮನೆಯ ಅಂಗಳಕ್ಕೆ ನುಗ್ಗಿ ಹಾಡಿ ಕುಣಿಯುತ್ತಿತ್ತು. ಮನೆಯವರು ಹೊರಬಂದು ಕುಣಿದವರ ತಲೆಗೆ ಪೌಡರ್ ಉದುರಿಸಿ, ಹಣ್ಣು ಕೊಯ್ದು ಕೊಡಬೇಕು. ಈ ಹಾಡು-ಕುಣಿತವೇ ಫಾರಾ; ಅದನ್ನು ಯಾರೂ ಕರೆಯುವಂತಿಲ್ಲ. ಬಂದ ಮೇಲೆ ಬೇಡವೆನ್ನುವಂತೆಯೂ ಇಲ್ಲ. ಸಾವಾದ ಮನೆಯನ್ನು ಮಾತ್ರ ಮೇಳ ಬಿಟ್ಟು ಹೋಗುತ್ತದೆ. ಗೋರಿಯ ಮೇಲೆ ಹೆಸರಿನ ಕಲ್ಲು ಎತ್ತಿ ನಿಲ್ಲಿಸುವವರೆಗೆ ಅದು ಸಾವಿನ ಮನೆಯೇ.

ಆಕಾತಾ ತೀರಿ ಮೂರು ವರ್ಷವಾಗಿತ್ತು; ಅವಳ ಕಲ್ಲು ದೂರದ ಸುವಾ ಪಟ್ಟಣದಿಂದ ಹಡಗಿನಲ್ಲಿ ಬಂದು ಎರಡು ವರ್ಷ ಕಳೆದಿತ್ತು. ಚಾಪೆ ಸುತ್ತಿಸಿಕೊಂಡು ಅದು ಜಗುಲಿಯ ಗೋಡೆಗೆ ಒರಗಿತ್ತು. ಮಾಫೋವಾ ದಿನವೂ ಕೂರುತ್ತಿದ್ದುದು ಅದರ ಪಕ್ಕದಲ್ಲೇ.

"ಕ್ರಿಸ್ಮಸ್‌ಗೆ ಮೊದ್ಲೇ ಎತ್ತಿಸಿಬಿಡಿ ಅಂತ ಬಡ್ಕೊಂಡೆ. ಕೇಳಿದ್ರಾ?"

"ಎತ್ತಿದ್ರೆ ಅವಳು ಹೋದ್ಲು ಅಂತಾಗುತ್ತೆ ಕಣೇ."

"ಎತ್ತದೇ ಇಟ್ಕೊಂಡಿದ್ದಕ್ಕೆ ವಾಪಸ್ ಬಂದ್ಲಾ?"

ಅಂದವಳು ತಾನೇ ತುಟಿ ಕಚ್ಚಿಕೊಂಡಳು. ಮಾಫೋವಾ ಚಾಪೆಯ ಅಂಚಿನಿಂದ ಎದ್ದುಬಂದಿದ್ದ ಒಂದು ಎಳೆಯನ್ನು ಮತ್ತೆ ಒಳಗೆ ಸಿಕ್ಕಿಸುತ್ತಿದ್ದ. ಅವಳೇ ದನಿ ಬದಲಿಸಿ, "ಸಮುದ್ರದ ಹತ್ರಕ್ಕಾದ್ರೂ ಬನ್ನಿ ಭಾವ. ಕೀಪರ್ ಇಲ್ಲದೆ ಚೆಂಡನ್ನೆಲ್ಲ ಮೀನುಗಳೇ ಹಿಡೀತಿವೆ," ಎಂದಳು.

"ನೋಡೋಣ."

"ನಿಮ್ಮ 'ನೋಡೋಣ'ಕ್ಕೆ ಗಡ್ಡ ಬಂದಿದೆ," ಎನ್ನುತ್ತ ಅವಳು ಹಣ್ಣುಗಳೊಂದಿಗೆ ಇಳಿದು ಹೋದಳು.

ಅವನು ಹೋಗಲಿಲ್ಲ. ಹವಳದ ದಿಬ್ಬದಾಚೆ ಮಳೆಯೊಂದು ಯಾರನ್ನೂ ನೆನೆಸದೆ ಹಾದುಹೋಯಿತು. ಗಾಳಿ ಬಿದ್ದು, ಬೇಲಿಯ ಮೇಲಿನ ಹೂಗಳು ಬಾಡಿದವು. ತೆಂಗುಗಳ ಹಿಂದಿನ ದಂಡೆಯಿಂದ ಬ್ಯಾಟಿನ ಸದ್ದು ಬರುತ್ತಿತ್ತು, ಆಮೇಲೆ ಒಂದಿಷ್ಟು ಮೌನ, ಆಮೇಲೆ ನೂರು ಜನರ ನಗು. ಆ ನಡುವಿನ ಮೌನದ ಅಳತೆಯಿಂದಲೇ ಚೆಂಡು ಎಷ್ಟು ದೂರ ಹೋಯಿತೆಂದು ಅವನು ಕೂತಲ್ಲೇ ತಿಳಿಯಬಲ್ಲವನಾಗಿದ್ದ. ಮೂರು ವರ್ಷಗಳಿಂದ ಅವನ ಆಟ ಅದೊಂದೇ. ಇಂದು ಮೇಳ ಹಾಡದೆ ಹೋದರೆ ಇನ್ನೊಂದು ವರ್ಷ ಆ ಅಂಗಳದಲ್ಲಿ ಕಾಲಸದ್ದೂ ಇಲ್ಲ. ಕಲ್ಲೆತ್ತಲು ಮನಸ್ಸಿಲ್ಲ, ಕರೆಯಲು ಕಟ್ಟಳೆಯಿಲ್ಲ.

ಬಿಸಿಲು ತಗ್ಗಿದಾಗ ಅವನು ಅಂಗಡಿಗೆ ಹೋಗಿ ಒಂದು ಪೌಡರ್ ಡಬ್ಬಿ ತಂದ. ಮುಚ್ಚಳ ತೆಗೆದು, ದಾರಿಗೆ ಕಾಣುವಂತೆ ಜಗುಲಿಯ ಕಟಕಟೆಯ ಮೇಲೆ ಇಟ್ಟ. ಅದು ಕರೆದಂತೆಯೂ ಅಲ್ಲ, ಕರೆಯದಂತೆಯೂ ಅಲ್ಲ. ಒಬ್ಬರ ಕಣ್ಣಿಗೆ ಬಿದ್ದರೆ ಸಾಕಿತ್ತು.

ಮೇಳ ಬಂತು. ದೀವಿಹಲಸಿನ ಮರದ ಹತ್ತಿರ, ಅವನ ಜಮೀನಿನ ಗಡಿಯಲ್ಲಿ, ಹಾಡು ನಡುಸಾಲಿನಲ್ಲೇ ನಿಂತಿತು. ಗಿಟಾರಿನವನು ತಂತಿಗಳ ಮೇಲೆ ಅಂಗೈ ಇಟ್ಟು ಒತ್ತಿದ. ಮೂವತ್ತು ಜನರಿದ್ದರೆಂದು ಕೆಲವರು ಹೇಳುತ್ತಾರೆ, ನಲವತ್ತೆಂದು ಕೆಲವರು. ಎಲ್ಲರೂ ತಲೆ ತಗ್ಗಿಸಿದ್ದರು ಎಂಬಲ್ಲಿ ಮಾತ್ರ ಎರಡು ಮಾತಿಲ್ಲ. ಸಾವಿನ ಮನೆಯ ಮುಂದೆ ಹಾಗೆ ನಡೆಯುವುದೇ ಮರ್ಯಾದೆ. ಎಲ್ಲರ ಕಣ್ಣೂ ನೆಲದ ಮೇಲಿತ್ತು. ಡಬ್ಬಿಯನ್ನು ಒಬ್ಬರೂ ನೋಡಲಿಲ್ಲ.

ಯಾವಾಗ ಎದ್ದನೋ, ಯಾವಾಗ ಅಂಗಳ ದಾಟಿದನೋ, ಡಬ್ಬಿ ಹಿಡಿದು ಮಾಫೋವಾ ದಾರಿಯ ನಡುವೆ ನಿಂತಿದ್ದ. ಮುಂದಿದ್ದ ಮಾಕೆರೇತಾಳ ನೆತ್ತಿಯ ಮೇಲೆ ಪೌಡರ್ ಉದುರಿಸಿದ.

ಅವಳು ಬೆಚ್ಚಿದಳು. "ಭಾವ, ನಾವಿನ್ನೂ ಹಾಡೇ ಇಲ್ವಲ್ಲ!"

"ಗೊತ್ತು."

"ಇಲ್ಲಿ ಹಾಡೋ ಹಾಗೂ ಇಲ್ಲ."

"ಅದೂ ಗೊತ್ತು. ತಲೆ ಬಗ್ಗಿಸೇ, ಕಿವಿ ಹಿಂದೆ ಬಿದ್ದಿಲ್ಲ."

ಅವಳು ಬಗ್ಗಿಸಿದಳು. ಅವಳ ಹಿಂದಿನವರು, ಅವರ ಹಿಂದಿನವರು ಒಬ್ಬೊಬ್ಬರಾಗಿ ಬಂದು ಬಗ್ಗಿಸಿದರು. ಹೀಗೆಂದೂ ನಡೆದದ್ದಿಲ್ಲವಾದ್ದರಿಂದ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಯಾರೂ ನಗಲಿಲ್ಲ, ಯಾರೂ ಕುಣಿಯಲಿಲ್ಲ. ಕೊನೆಯ ಚಿಟಿಕೆಗೆ ಅವನು ಡಬ್ಬಿಯ ತಳವನ್ನು ಬಡಿಯಬೇಕಾಯಿತು. ಆಮೇಲೆ ಬದಿಗೆ ಸರಿದು ದಾರಿ ಬಿಟ್ಟ. ಬೆಳ್ಳಗಿನ ತಲೆಗಳು ಬೇಲಿಯ ಮಗ್ಗುಲಲ್ಲಿ ಸದ್ದಿಲ್ಲದೆ ಸಾಗಿ ಪಕ್ಕದ ಮನೆಯ ಅಂಗಳ ಹೊಕ್ಕವು.

ಆ ಮನೆಯಾಕೆಯ ಗಟ್ಟಿ ದನಿ ಬೇಲಿ ದಾಟಿ ಕೇಳಿಸಿತು. "ಅಯ್ಯೋ, ತಲೆಯೆಲ್ಲ ಆಗ್ಲೇ ಬೆಳ್ಳಗಾಗಿದ್ಯಲ್ರೇ! ಒಂದು ಹಾಡೂ ಕೇಳಿಸ್ಲಿಲ್ಲ ನಂಗೆ. ಯಾರ ಮನೇಲಿ ಕುಣಿದು ಬಂದ್ರಿ?"

ಮಾಫೋವಾ ಖಾಲಿ ದಾರಿಯಲ್ಲಿ ಬೇಲಿಯತ್ತ ಕಿವಿಗೊಟ್ಟು ನಿಂತ. ಆಚೆಯಿಂದ ಮಾಕೆರೇತಾಳ ದನಿ ಬಂತು.

"ಅಕ್ಕನ ಮನೇಲಿ."