ಅಸಂಪ್ಷನ್‌ಗೊಂದು ವಾಕ್ಯ

“ನಿಮ್ಮಕ್ಕಗ ಗಂಡಸಮಗಾನ ಹುಟ್ಯಾನ. ಇಲ್ಲಂದ್ರ ಅಳಿಯ ತಾರು ಯಾಕ ಕಳಸ್ತಿದ್ದ?” ಎನ್ನುತ್ತ ಮರಿಯಮ ಇನ್ನೂ ಒಡೆಯದ ಟೆಲಿಗ್ರಾಂ ಅನ್ನು ಕಿರಿಮಗಳು ಜೈನಬಳ ಕೈಗಿಟ್ಟು, ಅವಳ ಬಾಯಿಗೆ ಚಿಟಿಕೆ ಸಕ್ಕರೆ ಹಾಕಿದಳು.

ಜೈನಬಳಿಗೆ ನಗು ಬಂತು. ಗೋವಾದ ಫಾತೋರ್ಡಾದ ಶಾಲೆಯಲ್ಲಿ ಟೀಚರ್ ಅಂದೇ ‘ರ‍್ಯಾಶ್ ಅಸಂಪ್ಷನ್’, ‘ವೈಲ್ಡ್ ಅಸಂಪ್ಷನ್’ ಎಂದು ದುಡುಕಿನ ಊಹೆಯ ಜೋಡಿಪದಗಳನ್ನು ಕಲಿಸಿ, ಒಂದೊಂದಕ್ಕೂ ವಾಕ್ಯ ಬರೆದು ತರಲು ಹೇಳಿದ್ದರು. ಅಮ್ಮನ ಮಾತನ್ನೇ ಬರೆದರಾಯಿತು ಅಂದುಕೊಳ್ಳುತ್ತ ಟೆಲಿಗ್ರಾಂ ಬಿಚ್ಚಿದಳು. ಎರಡೇ ಸಾಲು. ಬಾಯೊಳಗಿನ ಸಕ್ಕರೆ ಇನ್ನೂ ಕರಗಿರಲಿಲ್ಲ.

“ಗಂಡಸಮಗಾ, ಹೌದಿಲ್ಲ?”

“ಹೆಣ್ಣಮ್ಮಾ.”

“ಇರ್ಲಿ ಬಿಡು. ತಾಯಿ, ಕೂಸು ಚಲೋ ಇದ್ರ ಸಾಕು,” ಎಂದು ಮರಿಯಮ ಸಕ್ಕರೆ ಡಬ್ಬಿ ಹಿಡಿದು ನೆರೆಮನೆಗೆ ಹೊರಟಳು. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದೆಂದು ಗೊತ್ತಿದ್ದೂ ಜೈನಬ, ಅಕ್ಕ ತೀರಿಕೊಂಡಳೆಂಬ ಎರಡನೇ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದಳು.