ಹಣೆಗೆ ಕಟ್ಟುವ ಟಾರ್ಚು

ಟಾರ್ಚಣ್ಣ ಹೊಸ ಟಾರ್ಚನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತೆಗೆದ. ಉರಿಯುತ್ತಲೇ ಇತ್ತು. ಸೊಂಟದೆತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಬೀಳಿಸಿದ. ಆಗಲೂ ಜಪ್ಪಯ್ಯ ಎನ್ನಲಿಲ್ಲ. ಬೆಟ್ಟ ಹತ್ತುವವರಿಗೆ, ಹೊಳೆದಂಡೆಯಲ್ಲಿ ಡೇರೆ ಹಾಕುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿ ಅವನದು. ಹೊಸ ಮಾಲು ಯಾವುದೇ ಬರಲಿ, ಮುಸ್ಸಂಜೆ ಹೊತ್ತಿಗೆ ಹಿತ್ತಲಿಗೆ ತಂದು ತಾನೇ ಪರೀಕ್ಷೆ ಮಾಡದೆ ಗಿರಾಕಿಯ ಕೈಗೆ ಕೊಟ್ಟವನಲ್ಲ. ನೆಂಟರಿಷ್ಟರು ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇದು ಚಾರ್ಜು ಮಾಡಿಕೊಳ್ಳುವಂಥದ್ದು. ಹಣೆಗೆ ಕಟ್ಟಿಕೊಂಡರೆ ಎರಡೂ ಕೈ ಖಾಲಿ, ತಲೆ ತಿರುಗಿಸಿದ ಕಡೆ ಬೆಳಕು. ಅವನ ಬುರುಡೆಗೇನೋ ಪಟ್ಟಿ ಸರಿಯಾಗಿ ಕೂತಿತು. ಸಣ್ಣ ತಲೆಯವರಿಗೆ ಜಾರೀತೇ ಎಂದು ನೋಡಬೇಕಿತ್ತು. ಹೆಂಡತಿಯನ್ನು ಕರೆದ.

ಅವಳು ಬಂದು ಹಿಂಬಾಗಿಲ ಚೌಕಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತಳು. ಆ ನಿಲುವು ಕಂಡರೇ ಅವನಿಗೆ ಮೈಯೆಲ್ಲ ಉರಿ. ಕರೆಂಟು ಹೋಗಿದ್ದ ಒಂದು ಸಂಜೆ ಅವನ ತಾಯಿ ಇದೇ ಹಿತ್ತಲಿನ ನಲ್ಲಿಯ ಹತ್ತಿರ ಜಾರಿ ಬಿದ್ದಿದ್ದರು. ಅಂಗಡಿ ಮುಚ್ಚಿ ಬಂದು ನೋಡಿದರೆ ಮುದುಕಿ ನೆಲದ ಮೇಲೆ ನರಳುತ್ತಿದ್ದಾರೆ, ಸೊಸೆ ಇದೇ ಮೆಟ್ಟಿಲ ಮೇಲೆ ಗೊಂಬೆಯ ಹಾಗೆ ನಿಂತಿದ್ದಾಳೆ. ಕತ್ತಲಾದರೆ ತನಗೆ ಕಣ್ಣೇ ಕಾಣುವುದಿಲ್ಲ ಎಂದು ಅವಳು ಅತ್ತಳು. ಮದುವೆಯಾದ ಹೊಸದರಲ್ಲೂ ಒಮ್ಮೆ ಹಾಗೆಂದಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ಬಾಯಿ ಮುಚ್ಚಿಸಿದ. ತಾಯಿ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಅಂದಿನಿಂದ ಕಂಡಕಂಡವರ ಮುಂದೆ ಅವನದು ಒಂದೇ ಪಲ್ಲವಿ: ನಮ್ಮಮ್ಮ ಬಿದ್ದಾಗ ಇವಳು ನಿಂತು ನೋಡಿದಳು. ಅವಳು ಮತ್ತೆ ವಾದಿಸಲಿಲ್ಲ. ದೀಪ ಹಚ್ಚುವ ಹೊತ್ತಾದ ಮೇಲೆ ಹಿತ್ತಲಿಗೆ ಇಳಿಯಲೂ ಇಲ್ಲ. ಮಾಡಿದ ತಪ್ಪು ಕಾಡುತ್ತಿದೆ, ಕಾಡಲಿ ಎಂದುಕೊಂಡಿದ್ದ.

"ತಲೆ ಕೊಡು ಇಲ್ಲಿ," ಎಂದು ಪಟ್ಟಿ ಬಿಗಿದ. ಗುಂಡಿ ಎಲ್ಲಿದೆ ಎಂದು ಅವಳ ಬೆರಳು ಹಿಡಿದು ತೋರಿಸಿ ಒತ್ತಿಸಿದ. ಹಿತ್ತಲು ಬೆಳ್ಳಗಾಯಿತು. "ಅಲ್ಲಾಡಿಸು, ಜಾರತ್ತಾ ನೋಡೋಣ."

ಅವಳು ತಲೆ ಅಲ್ಲಾಡಿಸಲಿಲ್ಲ. ಮೆಟ್ಟಿಲಿಳಿದಳು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ತಗ್ಗಿ, ಬಕೆಟ್ಟನ್ನು ಬಳಸಿಕೊಂಡು, ನೇರ ನಲ್ಲಿಯ ಹತ್ತಿರ ಹೋದಳು, ಹಗಲಲ್ಲಿ ನಡೆಯುವಷ್ಟೇ ಸಲೀಸಾಗಿ. ಕುಕ್ಕರುಗಾಲಲ್ಲಿ ಕೂತು ಅಲ್ಲಿನ ಚಪ್ಪಡಿಯನ್ನು ಮುಟ್ಟಿ ನೋಡಿದಳು.

"ಇದಿದ್ದಿದ್ರೆ ಎತ್ತಿ ಕೂರಿಸ್ತಿದ್ದೆ," ಎಂದಳು. "ಆವತ್ತೂ ಇಳಿದಿದ್ದೆ ರೀ. ಅತ್ತೆ ದನಿ ಬಂದ ಕಡೆ ಹೋದ್ರೆ ಗೋಡೆಗೆ ಗುದ್ದಿದೆ. ಎಲ್ಲಿ ಅವರನ್ನೇ ತುಳಿದುಬಿಡ್ತೀನೋ ಅಂತ ಹೆದರಿ ತಡಕಾಡ್ಕೊಂಡು ವಾಪಸ್ ಬಂದೆ. ಬಾಗಿಲಲ್ಲಿ ನಿಂತು ಯಾರಾದ್ರೂ ಬನ್ನಿ ಅಂತ ದನಿ ಬಿದ್ದುಹೋಗೋವರೆಗೂ ಕೂಗ್ದೆ."

ಆವತ್ತು ಅವಳ ಹಣೆ ಬಾತಿದ್ದದ್ದನ್ನು ಟಾರ್ಚಣ್ಣ ನೋಡಿದ್ದ. ಏನಾಯಿತೇ ಎಂದು ಕೇಳಿರಲಿಲ್ಲ. ಅಯ್ಯೋ, ಒಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು! ಟಾರ್ಚಿಗೆ ಮಾಡಿದ ಪರೀಕ್ಷೆಯ ಕಾಲು ಭಾಗವನ್ನೂ ಹೆಂಡತಿಯ ಮಾತಿಗೆ ಅವನು ಮಾಡಿರಲಿಲ್ಲ.

"ಇಂಥದ್ದು ಆಗಲೂ ಸಿಗ್ತಿತ್ತಾ, ನಿಮ್ಮ ಅಂಗಡೀಲಿ?" ಎನ್ನುತ್ತ ಅವಳು ಎದ್ದು ಅವನತ್ತ ತಿರುಗಿದಳು. ಬೆಳಕೆಲ್ಲ ಅವನ ಮುಖದ ಮೇಲೆ ಬಿತ್ತು.

ಇಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಸಿಗ್ತಿತ್ತು," ಎಂದ. "ಬೀರು ತುಂಬ ಇದ್ವು." ಕಣ್ಣಿಂದ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲೂ ತೋಚದೆ ನಿಂತ.

ಅವಳು ಹಣೆಯ ಮೇಲಿನ ಗುಂಡಿ ಹುಡುಕಿ ಟಾರ್ಚು ಆರಿಸಿದಳು. "ಪಟ್ಟಿ ಜಾರಲ್ಲ. ಮಾರಬಹುದು," ಎಂದಳು. "ಬನ್ನಿ, ಒಳಗೆ ಕರ್ಕೊಂಡು ಹೋಗಿ."

ಟಾರ್ಚು ಆರಿದೊಡನೆ, ಉಳಿದಿದ್ದ ಮಬ್ಬು ಬೆಳಕಿನಲ್ಲೇ, ಅವನು ಅವಳ ಪಕ್ಕಕ್ಕೆ ಬಂದು ನಿಂತಿದ್ದ. ಅವಳು ಅವನು ಮೊದಲು ನಿಂತಿದ್ದ ಕಡೆಗೇ, ಖಾಲಿ ಕತ್ತಲೆಗೆ, ಕೈ ಚಾಚಿದಳು.