ಐದನೆಯ ರಿಪೇರಿ

ನಾಲ್ಕನೆಯ ಸಲವೂ ಆ ಕಾರು ಎತ್ತುಗಳ ಹಿಂದೆಯೇ ಬಂತು.

ಹುಣಸೂರಿನ ಮಡಿಕೇರಿ ರಸ್ತೆಯ ತನ್ನ ಶೆಡ್ಡಿನ ಮುಂದೆ ಮೆಕ್ಯಾನಿಕ್ ಷಣ್ಮುಖಪ್ಪ ಸ್ಪ್ಯಾನರ್ ಹಿಡಿದು ನಿಂತಿದ್ದ. ಗಾವಡಗೆರೆಯ ಗಾಡಿ ಹೊಡೆಯುವ ಕರಿಯಯ್ಯ ನೊಗಕ್ಕೆ ಹಗ್ಗ ಬಿಗಿದು ಕಾರನ್ನು ಎಳೆಸಿಕೊಂಡು ಬರುತ್ತಿದ್ದ. ಆಳೊಬ್ಬ ಒಳಗೆ ಕೂತು ಸ್ಟಿಯರಿಂಗ್ ಹಿಡಿದಿದ್ದ. ಎದುರಿನ ಹೋಟೆಲಿನವರು ಕಾಫಿ ಲೋಟದ ಸಮೇತ ಹೊರಗೆ ಬಂದರು. ಯಾರೋ ನಕ್ಕರು. ಷಣ್ಮುಖಪ್ಪನ ಕಿವಿ ಬಿಸಿಯಾಯಿತು.

ಕಾರು ಗಾವಡಗೆರೆಯ ಗೋವಿಂದಯ್ಯನವರದು. ಒಂದು ಕಾಲದಲ್ಲಿ ಅವರು ಮರದ ಕಂಟ್ರಾಕ್ಟರು. ಕೊಡಗಿನ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ ದೊರೆಯೊಬ್ಬನಿಂದ ಈ ಜರ್ಮನ್ ಕಾರನ್ನು ಕೊಂಡಿದ್ದರು. ಅದಕ್ಕೆ ಕಾರ್ಬುರೇಟರ್ ಇರಲಿಲ್ಲ. ಪಂಪೊಂದು ಆರು ಸಿಲಿಂಡರುಗಳಿಗೂ ಪೆಟ್ರೋಲನ್ನು ಅಳೆದು ಚಿಮ್ಮಿಸುತ್ತಿತ್ತು. ಎಪ್ಪತ್ತೊಂದರಲ್ಲಿ ಆ ಪಂಪು ಸವೆದುಹೋಯಿತು. ಬಿಡಿಭಾಗ ಬೊಂಬಾಯಿಯಲ್ಲೂ ಸಿಗಲಿಲ್ಲ. ಅದನ್ನು ಕಿತ್ತು ಕಾರ್ಬುರೇಟರ್ ಕೂರಿಸುತ್ತೇನೆ ಎಂದು ಧೈರ್ಯ ಮಾಡಿದವನು ಷಣ್ಮುಖಪ್ಪ ಒಬ್ಬನೇ.

ಎರಡು ತಿಂಗಳು ಅದರ ಜೊತೆ ಗುದ್ದಾಡಿದ್ದ. ಅಂಬಾಸಿಡರ್ ಕಾರಿನ ಕಾರ್ಬುರೇಟರ್ ಕೂರಲು ಮೈಸೂರಿನಲ್ಲಿ ಅಲ್ಯೂಮಿನಿಯಂ ತುಂಡನ್ನು ಎರಕ ಹೊಯ್ಯಿಸಿದ್ದ. ಟ್ಯಾಂಕಿನಿಂದ ಎಳೆಯುವ ಇನ್ನೊಂದು ಹಳೆಯ ಪಂಪಿನ ಒತ್ತಡಕ್ಕೆ ಪೆಟ್ರೋಲು ಉಕ್ಕಿ ಹರಿದಾಗ ಜೀಪಿನ ಪಂಪು ಹಾಕಿದ್ದ. ಕೊನೆಗೆ ಕಾರು ಓಡಿತು. ಪಿರಿಯಾಪಟ್ಟಣಕ್ಕೆ ಹೋಗಿ ಬಂದರೂ ಒಮ್ಮೆಯೂ ಕೆಮ್ಮಲಿಲ್ಲ.

ಆದರೆ ಗಾವಡಗೆರೆಗೆ ಹೋದ ಮೇಲೆ ನಿಂತುಬಿಡುತ್ತಿತ್ತು. ಮೊದಲ ಸಲ ಪೆಟ್ರೋಲ್ ಪೈಪಿನ ನಟ್ಟು ಸಡಿಲವಾಗಿತ್ತು. ಮತ್ತೊಮ್ಮೆ ಗಾಳಿಯ ಸ್ಕ್ರೂ ಪೂರ್ತಿ ತಿರುಗಿತ್ತು. ಮೂರನೆಯ ಸಲ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ತೂತಿನ ತಿರುಪು, ಜೆಟ್ಟೇ ಇರಲಿಲ್ಲ. ಈಗ ಪುನಃ ಜೆಟ್ಟು ಮಾಯ. ತಾನಾಗಿ ಬಿದ್ದುಹೋಗುವ ವಸ್ತುವಲ್ಲ ಅದು.

ಹಿಂದಿನ ಸಲ ಅವನು ಗೋವಿಂದಯ್ಯನವರನ್ನೇ ಕರೆದು, ಬಾನೆಟ್ಟಿನೊಳಗೆ ಬೆರಳಿಟ್ಟು ತೋರಿಸಿದ್ದ. “ಯಾರೋ ಬೇಕಂತ ಕೈಯಾಡ್ಸವ್ರೆ ಯಜಮಾನ್ರೇ. ಕಾಣ್ತದಾ?”

“ಕಂಡೆ ಬುಡು,” ಎಂದಿದ್ದರು ಅವರು, ರಸ್ತೆಯ ಕಡೆ ಮುಖ ಮಾಡಿ.

ಅವನ ಅನುಮಾನವೆಲ್ಲ ಕರಿಯಯ್ಯನ ಮೇಲೆ. ಕಾರು ಬರುವ ಮುಂಚೆ ಗೋವಿಂದಯ್ಯನವರ ಹೆಂಡತಿ ಸುನಂದಮ್ಮ ಎಲ್ಲಿಗೆ ಹೊರಟರೂ ಅವನ ಕಮಾನು ಗಾಡಿಯೇ ಆಗಬೇಕಿತ್ತು. ಕಾರು ಕೆಟ್ಟರೆ ಮತ್ತೆ ಅವನದೇ ದರ್ಬಾರು. ಕಾರು ನಿಲ್ಲಿಸುವ ಕೊಟ್ಟಿಗೆಯ ಬೀಗದ ಕೈ ಬೇರೆ ಅವನ ಸೊಂಟದಲ್ಲೇ.

ಅಷ್ಟರಲ್ಲಿ ಕೃಷ್ಣರಾಜನಗರದ ಪುಟ್ಟಸ್ವಾಮಿಯವರಿಂದ ಮಾತು ಬಂತು. ತಮ್ಮ ಒಂಬತ್ತು ಬಸ್ಸುಗಳ ಕೆಲಸವನ್ನೂ ಷಣ್ಮುಖಪ್ಪನಿಗೆ ಒಪ್ಪಿಸಬೇಕೆಂದಿದ್ದವರು, ಎತ್ತು ಎಳೆಯುವ ಕಾರಿನ ಸುದ್ದಿ ಕೇಳಿ ಹಿಂಜರಿದಿದ್ದರು. ಷಣ್ಮುಖಪ್ಪ ರೇಗಿಹೋದ. ನೀವೇ ಬಂದು ಕಾರಿನಲ್ಲಿ ಕೂತು ನೋಡಿ, ಕೆಡಿಸುವವನನ್ನು ನಿಮ್ಮೆದುರೇ ಹಿಡಿದುಕೊಡುತ್ತೇನೆ ಎಂದು ಹೇಳಿಕಳಿಸಿದ.

ಭಾನುವಾರ ಬೆಳಿಗ್ಗೆ ಕಾರು ಐದನೆಯ ಸಲ ಸಿದ್ಧವಾಯಿತು. ಗೋವಿಂದಯ್ಯ ಮಡ್‌ಗಾರ್ಡಿನ ಮೇಲೆ ಅಂಗೈ ಸವರುತ್ತ ಸುತ್ತು ಬಂದು, ಎಡಗಡೆ ಕೂತರು. ರಿಪೇರಿಯಾದ ಮೇಲೆ ಮನೆ ತನಕ ಮೆಕ್ಯಾನಿಕ್ಕೇ ಓಡಿಸಬೇಕು, ತಾವು ಪಕ್ಕದಲ್ಲಿ ಕೂತು ಶಬ್ದ ಕೇಳಬೇಕು ಎಂಬುದು ಅವರ ಕಟ್ಟಳೆ. ಬೇರೆ ಹೊತ್ತಿನಲ್ಲಿ ಓಡುವ ಕಾರಿನ ಸ್ಟಿಯರಿಂಗನ್ನು ಇನ್ನೊಬ್ಬರಿಗೆ ಕೊಟ್ಟವರಲ್ಲ. ಕಾರು ರೇಷ್ಮೆಯ ಹಾಗೆ ಹೋಯಿತು. ಹಿಂದೆ ಕೂತಿದ್ದ ಪುಟ್ಟಸ್ವಾಮಿ ಎರಡು ಸಲ ಭೇಷ್ ಎಂದರು.

ಗಾವಡಗೆರೆಯಲ್ಲಿ ಸುನಂದಮ್ಮ ಹೊಸ ಸೀರೆಯುಟ್ಟು, ಟ್ರಂಕು ಜಗಲಿಗೆ ತಂದಿಟ್ಟು ಕಾಯುತ್ತಿದ್ದರು. ಹೆಗ್ಗಡದೇವನಕೋಟೆಯಲ್ಲಿ ಮಗಳಿಗೆ ಗಂಡು ಹುಟ್ಟಿ ತಿಂಗಳಾಗಿತ್ತು. ಊಟ ಮುಗಿದ ಕೂಡಲೇ ಗಂಡ ಹೆಂಡತಿ ಕಾರಿನಲ್ಲಿ ಹೊರಡುವುದೆಂದು ಮಾತಾಗಿತ್ತು.

ಎಲೆಯಿಂದ ಎಲ್ಲರಿಗಿಂತ ಮೊದಲು ಎದ್ದವನು ಷಣ್ಮುಖಪ್ಪ. ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದವನೇ ಕೊಟ್ಟಿಗೆಯೊಳಗೆ ಸೇರಿ ಹುಲ್ಲಿನ ಹೊರೆಗಳ ಹಿಂದೆ ಕೂತ. ಸಿಕ್ಕಿದರೆ ಕರಿಯಯ್ಯನ ಕೊರಳಪಟ್ಟಿ ಹಿಡಿದು ಜಗಲಿಯವರೆಗೂ ಎಳೆದೊಯ್ಯಬೇಕೆಂದು ಹಲ್ಲು ಕಚ್ಚಿಕೊಂಡಿದ್ದ.

ಬಾಗಿಲು ಕಿರುಗುಟ್ಟಿತು. ಒಳಗೆ ಬಂದವರು ಗೋವಿಂದಯ್ಯ.

ಬಾನೆಟ್ ಎತ್ತಿದರು. ಸೂರಿನ ಕಡೆ ಮುಖವೆತ್ತಿಕೊಂಡೇ ಎರಡೂ ಕೈ ಒಳಗಿಟ್ಟು, ಬೆರಳಿನಲ್ಲಿ ತಡಕಿ, ಮೂರು ತಿರುವಿಗೆ ಜೆಟ್ಟು ಬಿಚ್ಚಿ ಜೇಬಿಗೆ ಹಾಕಿದರು.

ಷಣ್ಮುಖಪ್ಪನಿಗೆ ಎಂಟು ತಿಂಗಳ ಅವಮಾನವೆಲ್ಲ ಒಟ್ಟಿಗೆ ನೆನಪಾಯಿತು. ಹುಲ್ಲು ಸರಿಸಿ ನೇರ ಹೋಗಿ ಅವರ ಎದುರಿಗೇ ನಿಂತ. ಬಾಗಿಲಿನ ಬಿಸಿಲೆಲ್ಲ ಅವನ ಮುಖದ ಮೇಲಿತ್ತು. ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಸಿಕ್ಕಿಬಿದ್ದವರು ಏನು ಹೇಳುತ್ತಾರೋ ಎಂದು ಕಾದ.

ಗೋವಿಂದಯ್ಯ ಆ ಮುಖವನ್ನೇ ನೋಡುತ್ತ ಕೇಳಿದರು, “ಯಾರ್ಲಾ ಅದು? ಕರಿಯಯ್ಯನಾ?”

ಷಣ್ಮುಖಪ್ಪ ಹೂಂ ಎಂದು ಗಂಟಲಲ್ಲೇ ಗೊಣಗಿದ.

“ಅಮ್ಮಾವ್ರಿಗೆ ಕಾರು ಸ್ಟಾರ್ಟ್ ಆಯ್ತಿಲ್ಲ ಅಂತ ಯೋಳ್ಬುಡು. ನಂಗೆ ಕಣ್ಣು ಕಾಣಕಿಲ್ಲ ಅನ್ನೋದ ಮಾತ್ರ ಬಾಯಿ ಬುಡಬ್ಯಾಡ ಕಣ್ಲಾ.”

ಜಗಲಿಯಲ್ಲಿ ಪುಟ್ಟಸ್ವಾಮಿ ವೀಳ್ಯ ಮಡಿಸುತ್ತ, ಒಂಬತ್ತು ಬಸ್ಸುಗಳಲ್ಲಿ ಯಾವುದನ್ನು ಮೊದಲು ಕಳಿಸಲಿ ಎಂದು ಲೆಕ್ಕ ಹಾಕುತ್ತಿದ್ದರು. ಷಣ್ಮುಖಪ್ಪ ಅವರ ಕಡೆ ನೋಡದೆ ಸುನಂದಮ್ಮನ ಮುಂದೆ ನಿಂತ.

“ಕಾರು ಸ್ಟಾರ್ಟ್ ಆಯ್ತಿಲ್ಲ ಕಣಮ್ಮ. ತಪ್ಪು ಯಾರದೂ ಅಲ್ಲ, ನನ್ನ ಕೆಲಸದ್ದೇ. ಯಜಮಾನ್ರ ಕೈ ಹಿಡ್ಕೊಂಡು ಬಸ್ಸಲ್ಲಿ ಓಗ್ಬನ್ನಿ.”